ಇನ್ನೂರ ಹನ್ನೆರಡು ಮೀಟರ್ ಆಳದ ಕಲ್ಲು

ಗೋಕುಲಂ, ಮೈಸೂರು
9-12-1996

ಅಳಿಯಂದಿರಾದ ಮಹದೇವಪ್ರಸಾದ್ ಅವರಿಗೆ,

ನೀವು ಕಳಿಸಿದ ಮೊದಲ ಪಾರ್ಸೆಲ್ ಕಳೆದ ಸೋಮವಾರ ಬಂತು. ಹನ್ನೊಂದು ಬಟ್ಟೆ ಚೀಲ, ಹನ್ನೊಂದರಲ್ಲೂ ಆಳ ಬರೆದ ಚೀಟಿ ಇದೆ. ಪೆಟ್ಟಿಗೆಯ ಒಂದು ಮೂಲೆ ಒಡೆದಿತ್ತು, ಕಲ್ಲಿಗೇನೂ ಆಗಿಲ್ಲ. ಅಕ್ಷತಾ ಚೆನ್ನಾಗಿದ್ದಾಳೆ. ಶಾಲೆಯ ಉತ್ತರಪತ್ರಿಕೆಗಳನ್ನು ಊಟದ ಮೇಜಿನ ಮೇಲೆಲ್ಲ ಹರಡಿಕೊಂಡು ತಿದ್ದುತ್ತಿದ್ದಾಳೆ. ನಿಮಗೆ ತಾನೇ ಬೇರೆಯಾಗಿ ಬರೆಯುತ್ತಾಳಂತೆ.

ನಿವೃತ್ತನಾಗಿ ಮೂರು ವರ್ಷ ಪೇಪರ್ ಓದಿಕೊಂಡು ಕೂತಿದ್ದವನಿಗೆ ಈ ಕೆಲಸ ಕೊಡಿಸಿದ್ದೀರಿ. ಕಾರ್ ಶೆಡ್ಡಿನಲ್ಲಿ ಕಾರು ಯಾವತ್ತೂ ಇರಲಿಲ್ಲ. ಈಗ ಅಲ್ಲಿ ಗರಗಸ, ಎರಡು ಅರೆಯುವ ತಟ್ಟೆ, ನನ್ನ ಹಳೆಯ ಸೂಕ್ಷ್ಮದರ್ಶಕ ಕೂತಿವೆ. ಕೆಸರೆಯಿಂದ ಹುಚ್ಚಣ್ಣ ಸೈಕಲ್ಲಿನಲ್ಲಿ ಬರುತ್ತಾನೆ. ಭೂವಿಜ್ಞಾನ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ನನಗಾಗಿ ಕಲ್ಲು ಅರೆದವನು ಅವನೇ. ನಮ್ಮ ಕ್ರಮ ಬದಲಾಗಿಲ್ಲ. ಬಂದ ಕಲ್ಲನ್ನು ನಲ್ಲಿಯ ಕೆಳಗೆ ನಾರಿನ ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತೇವೆ. ಹೋಳು ಮಾಡಿ ಗಾಜಿಗೆ ಅಂಟಿಸಿ, ನೀರು ಮತ್ತು ಕಾರ್ಬೊರಂಡಂ ಪುಡಿ ಹಾಕಿ ಕೂದಲಿಗಿಂತ ತೆಳ್ಳಗಾಗುವವರೆಗೆ ಅರೆಯುತ್ತೇವೆ. ಅಷ್ಟು ತೆಳುವಾದ ಮೇಲೆ ಎಂಥ ಕಲ್ಲೂ ಬೆಳಕು ಬಿಡುತ್ತದೆ, ಒಳಗೆ ಏನಿದೆಯೋ ಕಾಣುತ್ತದೆ.

ಇನ್ನೂರ ಹನ್ನೆರಡು ಮೀಟರಿನ ಕಲ್ಲಿನಲ್ಲಿ ಎಪಿಡೋಟ್ ಇದೆ. ಪಿಸ್ತಾ ಹಸಿರಿನ ಹರಳುಗಳು, ಅನುಮಾನಕ್ಕೆ ಎಡೆಯೇ ಇಲ್ಲ. ನೆಲದೊಳಗಿನ ನೀರು ಹೆಚ್ಚುಕಡಿಮೆ ಇನ್ನೂರ ಮೂವತ್ತು ಡಿಗ್ರಿಯಾದರೂ ಕಾಯದಿದ್ದರೆ ಈ ಖನಿಜ ಅಲ್ಲಿ ಹುಟ್ಟುವುದಿಲ್ಲ. ಇಷ್ಟು ಕಡಿಮೆ ಆಳದಲ್ಲಿ ಅಷ್ಟು ಶಾಖ ಸಿಕ್ಕರೆ, ನೆಲದ ಬಿಸಿಯಿಂದ ವಿದ್ಯುತ್ ತೆಗೆಯಹೊರಟ ನಿಮ್ಮ ಕಂಪನಿಯವರು ಕುಣಿಯಬೇಕು. ಅದೇ ಆಳದಲ್ಲಿ ನಿಮ್ಮ ಥರ್ಮಾಮೀಟರ್ ಎಷ್ಟು ತೋರಿಸಿತು? ಕೊರೆಯುವಾಗ ಬಾವಿಯನ್ನು ತಣಿಸುವ ಕೆಸರುನೀರನ್ನು ನಿಲ್ಲಿಸಿದ ಎಷ್ಟು ಗಂಟೆಯ ಮೇಲೆ ಅಳೆದಿರಿ? ತಿಳಿಸಿ.

ಸದಾಶಿವಯ್ಯ


ತಪ್ತಕುಂಡ ಕ್ಯಾಂಪ್, ಸರಗುಜಾ ಜಿಲ್ಲೆ
27-12-1996

ಮಾವನವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎಪಿಡೋಟ್ ಎಂಬ ಪದ ಕಂಡದ್ದೇ ಮ್ಯಾನೇಜರಿಗೆ ತೋರಿಸಿದೆ. ಅವರು ನಾಗಪುರದಿಂದ ಜೀಪಿನಲ್ಲಿ ಬಂದಿದ್ದರು. ಅಲ್ಲೇ ನನ್ನ ಬೆನ್ನು ತಟ್ಟಿ, ಈ ಬಾವಿ ಗೆದ್ದರೆ ನಿನ್ನ ಕೆಲಸ ಕಾಯಂ, ನಾಗಪುರದಲ್ಲಿ ಕ್ವಾರ್ಟರ್ಸ್, ಹೆಂಡತಿಯನ್ನು ಕರೆಸಿಕೋ ಎಂದರು. ಮದುವೆಯಾಗಿ ಎರಡು ವರ್ಷದಲ್ಲಿ ನಾವು ಒಂದೇ ಮನೆಯಲ್ಲಿ ಇದ್ದದ್ದು ಒಟ್ಟು ಐದು ತಿಂಗಳು. ಇದನ್ನು ಅಕ್ಷತಾಗೂ ಬರೆದಿದ್ದೇನೆ.

ಇಲ್ಲಿ ಸಾಲ್ ಮರದ ಕಾಡಿನ ನಡುವೆ ಒಂದು ತಗ್ಗು. ತಗ್ಗಿನಲ್ಲಿ ಏಳೆಂಟು ಕಡೆ ಬಿಸಿನೀರು ಉಕ್ಕುತ್ತದೆ. ಊರಿನ ಹೆಂಗಸರು ಗೆಣಸನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುತ್ತಾರೆ, ಸೌದೆ ಹೊತ್ತು ವಾಪಸು ಬರುವಷ್ಟರಲ್ಲಿ ಬೆಂದಿರುತ್ತದೆ. ಬಿರುಕುಬಿಟ್ಟ ಗ್ನೈಸ್ ಕಲ್ಲಿನ ಸಂದಿಯಲ್ಲಿ ಮಳೆನೀರು ಆಳಕ್ಕಿಳಿದು, ಕಾದು, ಇನ್ನೊಂದು ಸಂದಿಯಲ್ಲಿ ಮೇಲೆ ಬರುತ್ತದೆ. ಆ ಸಂದಿ ಎಲ್ಲಿ ಅತಿ ಬಿಸಿಯಾಗಿದೆ ಎಂದು ಹುಡುಕುವುದೇ ನಮ್ಮ ಕೆಲಸ.

ನೀವು ಕೇಳಿದ ಲೆಕ್ಕ: ಇನ್ನೂರ ಹನ್ನೆರಡರಲ್ಲಿ ತೊಂಬತ್ತಾರು ಡಿಗ್ರಿ. ಕೆಸರುನೀರು ನಿಲ್ಲಿಸಿ ಎಪ್ಪತ್ತೆರಡು ಗಂಟೆ ಬಿಟ್ಟು ಅಳೆದದ್ದು. ನಿಮ್ಮ ಇನ್ನೂರ ಮೂವತ್ತಕ್ಕೂ ಇದಕ್ಕೂ ಬಹಳ ಅಂತರವಿದೆ, ನನಗೂ ಗೊತ್ತು. ಇನ್ನೂ ಕೆಳಗೆ ಹೋದರೆ ಏರಬಹುದು ಎಂದು ಮ್ಯಾನೇಜರ್ ಹೇಳುತ್ತಾರೆ.

ನಮ್ಮ ಡ್ರಿಲ್ಲರ್ ಬೀರೇಶ್ ಹೂಟಗಳ್ಳಿಯವನು. ಕನ್ನಡ ಮಾತಾಡಲು ಅವನೊಬ್ಬ ಇದ್ದಾನೆ ಎಂಬುದೇ ಸಮಾಧಾನ. ಫೋನ್ ಮಾಡಬೇಕೆಂದರೆ ನಲವತ್ತು ಕಿಲೋಮೀಟರ್ ಹೋಗಬೇಕು.

ಪ್ರಸಾದ್


ಗೋಕುಲಂ
13-1-1997

ಅಳಿಯಂದಿರಿಗೆ,

ಎರಡನೆಯ ಪಾರ್ಸೆಲ್ ತಲುಪಿದೆ. ಎಳ್ಳುಬೆಲ್ಲ ಬೀರುವ ಗಡಿಬಿಡಿಯ ನಡುವೆ ಅಕ್ಷತಾ ನಿಮಗೂ ಒಂದು ಪೊಟ್ಟಣ ಕಟ್ಟಿದ್ದಾಳೆ, ಇದರ ಜೊತೆ ಬರುತ್ತದೆ.

ಕೆಲವು ವಿಷಯ ಕೇಳಬೇಕಾಗಿದೆ. ದಯವಿಟ್ಟು ಒಂದೊಂದಕ್ಕೂ ಉತ್ತರ ಕೊಡಿ.

ನೂರ ಅರವತ್ತು ಮೀಟರಿನ ತುಂಡನ್ನು ಕ್ಯಾಲಿಪರ್ಸ್‌ನಲ್ಲಿ ಅಳೆದೆ. ದಪ್ಪ ನಲವತ್ತೆರಡು ಮಿಲಿಮೀಟರ್. ಇನ್ನೂರ ಹನ್ನೆರಡರ ತುಂಡು ಐವತ್ತನಾಲ್ಕು. ಆಳಕ್ಕೆ ಹೋದಂತೆ ಸಣ್ಣ ಕೊಳವೆ ಇಳಿಸುತ್ತಾರೆ, ಕಲ್ಲು ಬರುವುದು ಆ ಕೊಳವೆಯೊಳಗೇ, ಆದ್ದರಿಂದ ಕೆಳಗಿನ ಕಲ್ಲು ಸಣ್ಣಗಿರಬೇಕು. ಇಲ್ಲಿ ಉಲ್ಟಾ ಇದೆ. ಯಾಕೆ?

ಪಾರ್ಸೆಲ್ ಕಟ್ಟುವಾಗ ನಿಮ್ಮ ಜೊತೆ ಯಾರಿರುತ್ತಾರೆ? ನೀವು ಕೋಣೆಯಲ್ಲಿ ಒಬ್ಬರೇ ಇರುತ್ತೀರಾ?

ಇನ್ನೂರ ಹನ್ನೆರಡರ ತುಂಡಿನ ಪಕ್ಕದಲ್ಲೇ ಬಂದ ಜೋಡಿ ತುಂಡು ಕ್ಯಾಂಪಿನ ಪೆಟ್ಟಿಗೆಯಲ್ಲಿ ಇರಲೇಬೇಕು. ಅದನ್ನು ಕಳಿಸಿ.

ಈ ಸಲ ಅರೆದ ಗಾಜಿನ ಸ್ಲೈಡುಗಳಿಂದ ನನಗೆ ತೃಪ್ತಿಯಾಗಿಲ್ಲ. ಅಲ್ಲಲ್ಲಿ ಗುಳಿ ಬಿದ್ದಿವೆ. ಹುಚ್ಚಣ್ಣನನ್ನು ಗದರಿದೆ. "ಅಯ್ನೋರೆ, ಈ ಕಲ್ಲು ನಮ್ಮೂರ ಕಲ್ಲಂಗಲ್ಲ. ತಟ್ಟೆ ಮ್ಯಾಲಿಟ್ರೆ ಅರ್ಧ ಕಲ್ಲಾಗೇ ಇರ್ತದೆ, ಅರ್ಧ ಗಂಜಿ ಆಯ್ತದೆ" ಎಂದ. ನಿನ್ನ ಕೈ ಒರಟಾಯಿತು, ಅಷ್ಟೇ ಎಂದೆ. "ಒರಟು ಕೈಲೇ ಇಪ್ಪತ್ತಾರು ವರ್ಸ ಅರೆಸ್ಕಂಡ್ರಲ್ಲ, ಆಗ ಯಾಕೆ ಏಳ್ಲಿಲ್ಲ?" ಎಂದು ಮುಖ ತಿರುಗಿಸಿ ಹೋದ. ಮಾರನೆಯ ದಿನ ಎಂದಿನಂತೆ ಬಂದ.

ಸದಾಶಿವಯ್ಯ


ತಪ್ತಕುಂಡ ಕ್ಯಾಂಪ್
2-2-1997

ಮಾವನವರಿಗೆ,

ಎಳ್ಳುಬೆಲ್ಲ ತಲುಪಿತು. ಬೀರೇಶ್ ಅರ್ಧಕ್ಕಿಂತ ಹೆಚ್ಚು ತಿಂದ.

ಕೋಣೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದ್ದೀರಿ. ಇಲ್ಲಿ ನನ್ನದು ತಗಡಿನ ಶೆಡ್ಡು. ಅಡುಗೆ ಮಾಡುವ ಮುದುಕಿಗೆ ಅರವತ್ತೈದು ವರ್ಷ, ಕತ್ತಲಾಗುವ ಮೊದಲೇ ಊರಿಗೆ ಹೋಗುತ್ತಾಳೆ. ಬೇರೆ ಹೆಂಗಸರು ಕ್ಯಾಂಪಿನೊಳಗೆ ಬರುವುದಿಲ್ಲ. ಕುಡಿತ ನನಗಿಲ್ಲ, ನಿಮಗೆ ಗೊತ್ತು. ದಿನಾ ಬೆಳಿಗ್ಗೆ ಲಿಂಗಪೂಜೆ ತಪ್ಪಿಸಿಲ್ಲ. ಅಕ್ಷತಾ ಏನಾದರೂ ಅಂದುಕೊಂಡಿದ್ದರೆ ಅವಳೇ ನನ್ನನ್ನು ಕೇಳಬಹುದಿತ್ತು. ನಿಮ್ಮ ಬಾಯಿಂದ ಕೇಳಿಸುವ ಅಗತ್ಯವಿರಲಿಲ್ಲ.

ಕಲ್ಲಿನ ದಪ್ಪದ ವಿಷಯ: ಕೊರೆಯುವಾಗ ಕೊಳವೆ ಬದಲಾಯಿಸುವುದು ಆಗಾಗ ಆಗುತ್ತದೆ. ವಿಶೇಷವೇನೂ ಇಲ್ಲ.

ಜೋಡಿ ತುಂಡು ಕಳಿಸಿದ್ದೇನೆ. ಮುನ್ನೂರು ಮೀಟರಿನಲ್ಲಿ ನೂರ ನಾಲ್ಕು ಡಿಗ್ರಿ. ಏರಿಕೆ ಬಹಳ ನಿಧಾನ. ನಿಜ ಹೇಳಬೇಕೆಂದರೆ ನನಗೆ ಭರವಸೆ ಕಡಿಮೆಯಾಗುತ್ತಿದೆ.

ಪೊಟ್ಟಣದ ಜೊತೆ ನೀವು ಕಳಿಸಿದ ಸ್ಲೈಡುಗಳನ್ನು ಬಿಸಿಲಿಗೆ ಹಿಡಿದು ನೋಡಿದೆ. ಗುಳಿಗಳು ಎಲ್ಲೆಂದರಲ್ಲಿ ಇಲ್ಲ, ಉದ್ದಕ್ಕೆ ಗೆರೆಯಂತೆ ಸಾಲಾಗಿವೆ. ಅಲ್ಲಿ ಏನೋ ಇದ್ದು ಉದುರಿರಬಹುದೇ? ಅರೆಯುವ ರೀತಿಯನ್ನು ಸ್ವಲ್ಪ ಬದಲಾಯಿಸಿ ನೋಡಬಹುದೇನೋ.

ಪ್ರಸಾದ್


ಗೋಕುಲಂ
17-2-1997

ಪ್ರಸಾದ್ ಅವರಿಗೆ,

ನಾನು ಹೆಂಗಸರ ವಿಷಯ ಕೇಳಿರಲಿಲ್ಲ. ಚೀಲಕ್ಕೆ ಕಲ್ಲು ತುಂಬುವಾಗ ಸಾಕ್ಷಿ ಯಾರು ಎಂದು ಕೇಳಿದ್ದೆ. ಕೇಳಿದ್ದನ್ನು ಬಿಟ್ಟು ಕೇಳದ್ದಕ್ಕೆ ಒಂದು ಪುಟ ಉತ್ತರ ಬರೆದಿದ್ದೀರಿ. ಇದನ್ನು ನಾನು ಗಮನಿಸಿದ್ದೇನೆ.

ಅರೆಯುವ ಕೆಲಸವನ್ನು ಮೂವತ್ತಮೂರು ವರ್ಷ ಮಾಡಿದವನಿಗೆ ಅದನ್ನು ಕಲಿಸುವ ಪ್ರಯತ್ನ ಬೇಡ. ಈ ಜಿಲ್ಲೆಯ ಕರಿಕಲ್ಲು, ಗ್ನೈಸ್, ಸಕ್ಕರೆಯಂಥ ಬೆಣಚುಕಲ್ಲು ಎಲ್ಲವನ್ನೂ ಇದೇ ತಟ್ಟೆಯ ಮೇಲೆ ಅರೆದಿದ್ದೇವೆ. ಒಂದು ಗುಳಿಯೂ ಬಿದ್ದಿರಲಿಲ್ಲ.

ಜೋಡಿ ತುಂಡಿನಲ್ಲೂ ಎಪಿಡೋಟ್ ತುಂಬಿದೆ. ಅಂದರೆ ಈ ಕಲ್ಲು ಬೆಂದದ್ದು ಇನ್ನೂರ ಮೂವತ್ತರಲ್ಲಿ. ನಿಮ್ಮ ಬಾವಿಯಲ್ಲಿರುವುದು ತೊಂಬತ್ತಾರು. ಹಾಗಾದರೆ ಈ ಕಲ್ಲು ಆ ಬಾವಿಯದೇ ಎಂದು ನಾನು ಹೇಗೆ ನಂಬಲಿ?

ಇನ್ನೊಂದು ವಿಷಯ. ನಿಮ್ಮ ಬೀರೇಶನ ಹೆಂಡತಿ ಇಂದ್ರಮ್ಮ ಹುಚ್ಚಣ್ಣನಿಗೆ ತಂಗಿಯ ಮಗಳಾಗಬೇಕು. ಕಳೆದ ಭಾನುವಾರ ಅವನ ಜೊತೆ ಇಲ್ಲಿಗೆ ಬಂದಿದ್ದಳು. ಅಕ್ಷತಾ ಅವಳ ಗಂಡನ ಸಮಾಚಾರ ಕೇಳಿದ್ದಕ್ಕೆ ನಿಂತಲ್ಲೇ ಹೇಳಿದಳು: "ನಮ್ಮನೆಯವ್ರು ಕಾಗ್ದ ಆಕವ್ರೆ ಕಣಕ್ಕಾ. ಒಂದ್ ತೂತು ಮುಚ್ಚಾಕ್ಬುಟ್ಟು ಇನ್ನೊಂದ್ ಕೊರೀತಾವ್ರಂತೆ. ಯಾರ್ಗೂ ಏಳ್ಬೇಡ ಅಂದವ್ರಂತೆ. ನಾನೂ ನಮ್ಮ ಮಾವುನ್ಗೆ ಬುಟ್ರೆ ಯಾರ್ಗೂ ಏಳ್ಲಿಲ್ಲ." ಅಕ್ಷತಾ ನಕ್ಕಳು. ನನಗೆ ನಗು ಬರಲಿಲ್ಲ.

ಒಂದು ಬಾವಿ ಮುಚ್ಚಿದ ವಿಷಯ ಪಾರ್ಸೆಲ್ಲುಗಳ ಜೊತೆ ಬಂದ ನಿಮ್ಮ ಮೂರು ಪಟ್ಟಿಯಲ್ಲೂ ಇಲ್ಲ, ಎರಡು ಕಾಗದದಲ್ಲೂ ಇಲ್ಲ.

1974ರಲ್ಲಿ ಒಂದು ಚಿನ್ನದ ಅನ್ವೇಷಣೆಯಲ್ಲಿ ನನ್ನ ಜೊತೆಗಾರ ಬೇರೆ ಕಡೆಯ ಕಲ್ಲನ್ನು ತಂದು ಚೀಲಕ್ಕೆ ತುಂಬಿದ್ದ. ನಾನು ನೋಡದೆ ಸಹಿ ಹಾಕಿದೆ. ದಿನಾ ನನ್ನ ಬುತ್ತಿಯಲ್ಲಿ ಊಟ ಮಾಡುತ್ತಿದ್ದ ಮನುಷ್ಯ. ವಿಚಾರಣೆಯಲ್ಲಿ ಅವನ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಓದಿದರು. ಅವತ್ತಿನಿಂದ ಹತ್ತಿರದವರು ಕೊಟ್ಟ ಕಲ್ಲನ್ನು ನಾನು ಎರಡು ಸಲ ನೋಡುತ್ತೇನೆ.

ಕಾಯಂ ಕೆಲಸದ ಆಸೆ ಸಣ್ಣದಲ್ಲ. ಸ್ಪಷ್ಟವಾಗಿ ಉತ್ತರಿಸಿ.

ಸದಾಶಿವಯ್ಯ


ತಪ್ತಕುಂಡ ಕ್ಯಾಂಪ್
6-3-1997

ಮಾವನವರಿಗೆ,

ಸ್ಪಷ್ಟವಾಗಿಯೇ ಬರೆಯುತ್ತೇನೆ.

ಬಾವಿ ಎರಡು ಹೌದು. ಮೊದಲನೆಯದು ನೂರೈವತ್ತರಲ್ಲೇ ಕುಸಿಯತೊಡಗಿತು. ಸಣ್ಣ ಕೊಳವೆ ಇಳಿಸಿ ನೂರ ತೊಂಬತ್ತರವರೆಗೆ ಹೋದೆವು. "ಸಾ, ಪೈಪು ಕಚ್ಕಂಬುಡ್ತು. ಎಳುದ್ರೆ ರಿಗ್ಗೇ ಮುರ್ದೋಯ್ತದೆ, ಬುಟ್ಬುಡುವ" ಎಂದ ಬೀರೇಶ್. ಬಿಟ್ಟೆವು. ಕೊರೆಯುವ ರಿಗ್ಗನ್ನು ಆರು ಮೀಟರ್ ಪಕ್ಕಕ್ಕೆ ಸರಿಸಿ, ಮತ್ತೆ ಮೊದಲಿಂದ ದೊಡ್ಡ ಕೊಳವೆಯಲ್ಲಿ ಕೊರೆದೆವು. ನೂರ ಅರವತ್ತರ ತುಂಡು ಮೊದಲ ಬಾವಿಯದು, ಇನ್ನೂರ ಹನ್ನೆರಡರದ್ದು ಎರಡನೆಯದು. ದಪ್ಪದ ಲೆಕ್ಕ ಈಗ ಸರಿಹೋಗಬೇಕು.

ಬಂಡವಾಳ ಹಾಕುವವರ ಕಿವಿಗೆ ಬೀಳಬಾರದು, ಮೊದಲ ಬಾವಿಯ ವಿಷಯ ಕಾಗದದಲ್ಲಿ ಬೇಡ ಎಂದು ಮ್ಯಾನೇಜರ್ ಹೇಳಿದರು. ನಾನು ಒಪ್ಪಿಕೊಂಡೆ. ಅದು ತಪ್ಪು. ನಿಮಗೆ ಹೇಳದಿದ್ದದ್ದು ಇನ್ನೂ ದೊಡ್ಡ ತಪ್ಪು. ನಾನು ಮುಚ್ಚಿಟ್ಟದ್ದು ಅದೊಂದನ್ನೇ.

ಕಲ್ಲು ಬದಲಾಯಿಸಿಲ್ಲ. ಒಂದು ಸಲ ಯೋಚಿಸಿ ನೋಡಿ. ಕಂಪನಿಯನ್ನು ಮೆಚ್ಚಿಸುವುದೇ ನನ್ನ ಉದ್ದೇಶವಾಗಿದ್ದರೆ ಇಷ್ಟು ದೂರ ಕಲ್ಲು ಹೊರಿಸುವ ಬದಲು ಥರ್ಮಾಮೀಟರಿನ ಅಂಕಿಯನ್ನೇ ತಿದ್ದುತ್ತಿದ್ದೆ. ತೊಂಬತ್ತಾರನ್ನು ತೊಂಬತ್ತಾರು ಎಂದೇ ಬರೆದಿದ್ದೇನೆ.

ಅಕ್ಷತಾ ನನ್ನನ್ನು ಮದುವೆಯಾಗುತ್ತೇನೆ ಎಂದು ಹಟ ಹಿಡಿದಾಗ ನೀವು ಮೂರು ತಿಂಗಳು ನನ್ನ ಬಗ್ಗೆ ಊರೆಲ್ಲ ವಿಚಾರಿಸಿದಿರಿ. ಹೂಟಗಳ್ಳಿಯಲ್ಲಿ ನಮ್ಮ ಅಣ್ಣನ ಮನೆಯ ಹಾಲಿನವನನ್ನೂ ಬಿಡಲಿಲ್ಲ. ಆಗ ನಾನು ಬೇಸರಪಟ್ಟುಕೊಳ್ಳಲಿಲ್ಲ, ಮಗಳ ತಂದೆ ಅಂದುಕೊಂಡೆ. ಆ ವಿಚಾರಣೆ ಇನ್ನೂ ಮುಗಿದಿಲ್ಲ ಎಂದು ಈಗ ತಿಳಿಯಿತು.

ಯಾರಿಗಾದರೂ ಬರೆಯುವ ಮೊದಲು ದಯವಿಟ್ಟು ನನಗೆ ಒಂದು ಮಾತು ತಿಳಿಸಿ.

ಪ್ರಸಾದ್


ಗೋಕುಲಂ
14-3-1997

ಪ್ರಸಾದ್ ಅವರಿಗೆ,

ನಿಮ್ಮ ಉತ್ತರಕ್ಕಾಗಿ ಮೂರು ವಾರಕ್ಕೂ ಹೆಚ್ಚು ಕಾದೆ. ಬರಲಿಲ್ಲ.

ಸ್ಲೈಡುಗಳ ವರದಿ ಮುಗಿಸಿ ಮೊನ್ನೆ ರಿಜಿಸ್ಟರ್ಡ್ ಅಂಚೆಯಲ್ಲಿ ನಿಮ್ಮ ಕಂಪನಿಗೆ ಕಳಿಸಿದ್ದೇನೆ.

ಅಕ್ಷತಾ ಆರೋಗ್ಯವಾಗಿದ್ದಾಳೆ.

ಸದಾಶಿವಯ್ಯ


ಸೀತಾಬರ್ಡಿ, ನಾಗಪುರ
23-4-1997

ಶ್ರೀ ಸದಾಶಿವಯ್ಯನವರಿಗೆ,

ನಾನು ಈಗ ಕ್ಯಾಂಪಿನಲ್ಲಿ ಇಲ್ಲ. ಹದಿಮೂರು ದಿನದಿಂದ ಇಲ್ಲಿ ಒಂದು ಲಾಡ್ಜಿನಲ್ಲಿದ್ದೇನೆ. ಕಂಪನಿ ನನ್ನನ್ನು ಕೆಲಸದಿಂದ ಅಮಾನತಿನಲ್ಲಿಟ್ಟಿದೆ. ಕಲ್ಲು ಬದಲಾಯಿಸಿದ ಆರೋಪದ ಮೇಲೆ ಪೊಲೀಸ್ ದೂರು ಕೊಡಬೇಕೋ ಬೇಡವೋ ಎಂದು ವಕೀಲರನ್ನು ಕೇಳುತ್ತಿದ್ದಾರಂತೆ.

ಏಪ್ರಿಲ್ ಎಂಟರಂದು ಮ್ಯಾನೇಜರ್ ಕ್ಯಾಂಪಿಗೆ ಬಂದು ಒಂದು ವರದಿಯನ್ನು ನನ್ನ ಮುಂದಿಟ್ಟರು. ಟೈಪ್ ಮಾಡಿದ್ದಾಗಿದ್ದರೆ ಬೇರೆ ಯಾರೋ ಎಂದು ನಂಬಬಹುದಿತ್ತು. ಕೈಬರಹ. "ಈ ಶಿಲೆಗಳು ಸದರಿ ಬಾವಿಯವಲ್ಲ ಎಂದು ನಂಬಲು ಬಲವಾದ ಕಾರಣಗಳಿವೆ, ಸ್ಥಳದಲ್ಲಿರುವ ಭೂವಿಜ್ಞಾನಿಯ ದಾಖಲೆಗಳನ್ನು ಪರಿಗಣಿಸಬಾರದು" ಎಂಬ ನಿಮ್ಮ ಇಂಗ್ಲಿಷ್ ವಾಕ್ಯವನ್ನು ಅವರು ಗಟ್ಟಿಯಾಗಿ ಓದಿದರು. ಬರೆದವರು ನಿನಗೆ ಏನಾಗಬೇಕು ಎಂದು ಕೇಳಿದರು. ಹೇಳಿದೆ. ಸ್ವಂತ ಮಾವನೇ ಬರೆದ ಮೇಲೆ ಇನ್ನೇನು ಉಳಿಯಿತು ಎಂದರು.

ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ.

ಮೊಹರು ಹಾಕಲೆಂದು ಕಲ್ಲಿನ ಪೆಟ್ಟಿಗೆಗಳನ್ನು ಅಂಗಳಕ್ಕೆ ತಂದಿಟ್ಟಿದ್ದರು. ಮಧ್ಯಾಹ್ನ ಆಲಿಕಲ್ಲು ಮಳೆ ಬಂತು. ಎಲ್ಲರೂ ಓಡಿ ಶೆಡ್ಡು ಸೇರಿದರು, ಪೆಟ್ಟಿಗೆ ಮುಚ್ಚುವವರಿಲ್ಲ. ಮಳೆ ನಿಂತ ಮೇಲೆ ಬೀರೇಶ್ ಕೂಗಿದ, "ಸಾ, ಬಂದ್ ನೋಡಿ, ಕಲ್ಲು ಅರಳ್ಕತಾ ಅದೆ!" ಹಸಿರು ತುಂಡುಗಳ ನಡುವಿನ ಬಿಳಿ ಎಳೆಗಳು ನೀರು ಕುಡಿದು ಉಬ್ಬಿ ಹೊರಬಂದಿದ್ದವು. ಬೆರಳಿಟ್ಟರೆ ಬೆಣ್ಣೆ. ಸ್ವಲ್ಪ ಹೊತ್ತಿನಲ್ಲಿ ತೊಳೆದುಹೋಗಿ ಬರೀ ಸೀಳು ಉಳಿಯಿತು. ಕೊಳವೆಯಿಂದ ಹೊರಬಂದಾಗ ಈ ಕಲ್ಲು ಗಟ್ಟಿಯಾಗಿಯೇ ಇತ್ತು. ತಿಂಗಳುಗಟ್ಟಲೆ ಒಣಗಿದ ಮೇಲೆ ನೀರು ತಾಗಿದ್ದಕ್ಕೆ ಹೀಗಾಯಿತು.

ನಿಮ್ಮ ಸ್ಲೈಡಿನ ಗುಳಿಗಳು ಆ ಸೀಳುಗಳ ಜಾಗದಲ್ಲೇ ಇವೆ ಎಂದು ನನ್ನ ಊಹೆ. ನೀವು ಕಲ್ಲನ್ನು ಮೊದಲು ತೊಳೆಯುತ್ತೀರಿ, ಆಮೇಲೆ ನೀರಿನಲ್ಲಿ ಅರೆಯುತ್ತೀರಿ. ಜೋಡಿ ತುಂಡಿನಲ್ಲಿ ನೀವು ಕೊಯ್ಯದೆ ಬಿಟ್ಟ ಅರ್ಧ ನಿಮ್ಮ ಬಳಿ ಇರಬೇಕು. ಅದನ್ನು ತೊಳೆಯಬೇಡಿ. ಅಂಟು ಕುಡಿಸಿ, ಸೀಮೆಎಣ್ಣೆಯಲ್ಲಿ ಕೊಯ್ದು, ಸೀಮೆಎಣ್ಣೆಯಲ್ಲೇ ಅರೆದು ನೋಡಿ. ಇಷ್ಟನ್ನು ಮಾಡಿ. ಬೇರೇನೂ ಕೇಳುವುದಿಲ್ಲ.

ಅಕ್ಷತಾಗೆ ನಾನು ಏನೂ ಬರೆದಿಲ್ಲ. ಹೇಳುವುದು ಬಿಡುವುದು ನಿಮಗೆ ಸೇರಿದ್ದು.

ಮಹದೇವಪ್ರಸಾದ್


ಗೋಕುಲಂ
8-5-1997

ಪ್ರಸಾದ್ ಅವರಿಗೆ,

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ನಿಮ್ಮ ಮಾರ್ಚ್ ಆರರ ಕಾಗದ ನನಗೆ ಹದಿನೈದರಂದು ಸಿಕ್ಕಿತು. ವರದಿ ಹೋಗಿ ಮೂರು ದಿನವಾಗಿತ್ತು. ನಾಗಪುರಕ್ಕೆ ಟೆಲಿಗ್ರಾಂ ಕೊಟ್ಟು ವರದಿಯನ್ನು ತಡೆಹಿಡಿಯಿರಿ ಎನ್ನಬಹುದಿತ್ತು. ಕೊಡಲಿಲ್ಲ. ಎರಡು ಬಾವಿಯ ವಿಷಯವನ್ನು ನೀವು ಒಪ್ಪಿಕೊಂಡದ್ದನ್ನು ಓದಿದೆ. ಒಂದನ್ನು ಮುಚ್ಚಿಟ್ಟವರು ಇನ್ನೊಂದನ್ನೂ ಮುಚ್ಚಿಟ್ಟಿರುತ್ತಾರೆ ಎಂದುಕೊಂಡೆ. ಥರ್ಮಾಮೀಟರಿನ ಬಗ್ಗೆ ನೀವು ಬರೆದ ಮಾತನ್ನು ಓದಿಯೂ ಓದದಂತೆ ಮುಂದಕ್ಕೆ ಹೋದೆ.

ನಿಮ್ಮ ಏಪ್ರಿಲ್ ಕಾಗದ ಮೇ ಎರಡರಂದು ಬಂತು. ಅದೇ ದಿನ ಉಳಿದ ಅರ್ಧವನ್ನು ಹೊರತೆಗೆದೆ. ತುಂಡು ಬರುವಾಗಲೇ ಎರಡಾಗಿ ಒಡೆದಿತ್ತು, ಒಂದನ್ನಷ್ಟೇ ತೊಳೆದು ಕೊಯ್ದಿದ್ದೆ, ಇದಿನ್ನೂ ನಲ್ಲಿಯ ಕೆಳಗೆ ಹೋಗಿರಲಿಲ್ಲ. ಅದರ ಮೇಲಿನ ಬಿಳಿಯನ್ನು ನಾನು ಕೊರೆಯುವಾಗ ಮೆತ್ತಿದ ಹಿಟ್ಟು ಎಂದೇ ತಿಳಿದಿದ್ದೆ. ಅಂಟು ಕುಡಿಸಲು ಎರಡು ದಿನ. ಹುಚ್ಚಣ್ಣ ರೇಷನ್ ಸೀಮೆಎಣ್ಣೆ ತಂದ. "ಜನ ಸ್ಟೌಗೆ ಇಲ್ದೆ ಸಾಯ್ತಾವ್ರೆ, ನಾವು ಕಲ್ಲಿಗೆ ಅಭಿಷೇಕ ಮಾಡ್ತಾ ಇದೀವಿ" ಎಂದು ಗೊಣಗುತ್ತಲೇ ಅರೆದ. ಆರನೇ ತಾರೀಖು ಸ್ಲೈಡು ತಯಾರಾಯಿತು. ಗುಳಿ ಇಲ್ಲ.

ಗುಳಿ ಇದ್ದ ಜಾಗದಲ್ಲೆಲ್ಲ ಜೇಡಿ ಇದೆ. ನೀರು ಕುಡಿದರೆ ಉಬ್ಬುವ ಜಾತಿಯದು. ಅದರ ಎಳೆಗಳು ಎಪಿಡೋಟ್ ಹರಳುಗಳನ್ನು ಅಡ್ಡಲಾಗಿ ಸೀಳಿಕೊಂಡು ಹೋಗಿವೆ. ಸೀಳಿದ್ದು ಯಾವಾಗಲೂ ಸೀಳಿಸಿಕೊಂಡದ್ದಕ್ಕಿಂತ ಆಮೇಲಿನದು, ಇದು ನಮ್ಮ ಕಸುಬಿನ ಮೊದಲ ಪಾಠ. ಈ ಜೇಡಿ ನೂರೈವತ್ತು ಡಿಗ್ರಿ ದಾಟಿದರೆ ಹೀಗೆ ಉಳಿಯುವುದಿಲ್ಲ, ಬೇರೆ ಖನಿಜವಾಗುತ್ತದೆ. ಅದು ಹಾಗೆಯೇ ಇದೆ. ಅಂದರೆ ಆ ನೆಲ ಒಂದು ಕಾಲದಲ್ಲಿ ಇನ್ನೂರ ಮೂವತ್ತು ಡಿಗ್ರಿ ಕಾದಿತ್ತು, ಆಮೇಲೆ ಆರಿತು, ಆರಿದ ಮೇಲೆ ಮತ್ತೆ ಕಾಯಲಿಲ್ಲ. ಹಸಿರು ಹರಳು ಹೇಳಿದ್ದು ಹಳೆಯ ಶಾಖವನ್ನು. ನಿಮ್ಮ ಥರ್ಮಾಮೀಟರ್ ಹೇಳಿದ್ದು ಇವತ್ತಿನದನ್ನು. ಎರಡೂ ಸುಳ್ಳು ಹೇಳಿಲ್ಲ.

ಆರಿದೆ ಎನ್ನುವುದಕ್ಕೆ ಇದ್ದ ಸಾಕ್ಷಿಯನ್ನು ನಾನೇ ನಲ್ಲಿಯ ಕೆಳಗೆ ಉಜ್ಜಿ ಚರಂಡಿಗೆ ಬಿಟ್ಟೆ. ಹುಚ್ಚಣ್ಣ ಗಂಜಿ ಎಂದಾಗ ಬೈದೆ. ನೀವು ಗೆರೆಯಂತೆ ಸಾಲಾಗಿವೆ ಎಂದು ಬರೆದಾಗ ಮೂವತ್ತಮೂರು ವರ್ಷದ ಲೆಕ್ಕ ಹೇಳಿದೆ. ಮೂವತ್ತಮೂರು ವರ್ಷವೂ ಗಟ್ಟಿ ಕಲ್ಲನ್ನೇ ಅರೆದದ್ದು. ಬಿಸಿನೀರಿನ ನೆಲದ ಕಲ್ಲನ್ನು ನಾನು ಜನ್ಮದಲ್ಲಿ ನೋಡಿದ್ದು ಇದೇ ಮೊದಲು.

ಅಕ್ಷತಾಗೆ ಹೇಳಿದೆ. ಅವಳು ಕೂಗಾಡಲಿಲ್ಲ.

"ಅಪ್ಪಾಜಿ, ಬರೆಯೋಕ್ಕೆ ಮುಂಚೆ ಅವರನ್ನ ಕೇಳಿದ್ರಾ?" ಎಂದಳು.

"ಎರಡು ಕಾಗದದಲ್ಲಿ ಕೇಳಿದೆನಲ್ಲಮ್ಮ."

"ನೀವು ಪ್ರಶ್ನೆ ಹಾಕಿದ್ದು ಗೊತ್ತು. ಸ್ಟೇಷನ್ನಲ್ಲಿ ಕೂರಿಸ್ಕೊಂಡು ಹಾಕ್ತಾರಲ್ಲ, ಹಾಗೆ. ಪ್ರಸಾದ್, ಹೀಗೆ ಕಾಣ್ತಾ ಇದೆಯಪ್ಪ, ಏನಿರಬಹುದು ಅಂತ ಒಂದು ಸಲ ಕೇಳಿದ್ರಾ?"

ಅವಳು ಎರಡು ದಿನದಿಂದ ನನ್ನ ಜೊತೆ ಊಟಕ್ಕೆ ಕೂತಿಲ್ಲ.

ಕಂಪನಿಗೆ ಕೊಡಬೇಕಾದ ತಿದ್ದುಪಡಿಯನ್ನು ಇದರ ಜೊತೆ ಇಟ್ಟಿದ್ದೇನೆ. ಎರಡು ಪುಟ. ಮೊದಲನೆಯದರಲ್ಲಿ, ಕಲ್ಲುಗಳು ಆ ಬಾವಿಯವೇ, ಬದಲಾಯಿಸಿಲ್ಲ, ತಪ್ಪು ಸಂಪೂರ್ಣ ನನ್ನದು, ನನ್ನ ಮಾರ್ಚ್ ವರದಿಯನ್ನು ಹಿಂತೆಗೆದುಕೊಂಡಿದ್ದೇನೆ ಎಂದಿದೆ. ಎರಡನೆಯದರಲ್ಲಿ, ಜೇಡಿಯ ವಿಷಯ ಮತ್ತು ಆ ನೆಲದ ಶಾಖ ಆರಿದೆ ಎಂಬ ನಿರ್ಣಯ ಇದೆ. ಎರಡು ಪುಟಕ್ಕೂ ಸಹಿ ಹಾಕಿದ್ದೇನೆ. ಎರಡನೆಯ ಪುಟ ಓದಿದರೆ ಅವರು ಬಾವಿಯನ್ನು ಮುಚ್ಚುತ್ತಾರೆ, ನಿಮ್ಮ ಕೆಲಸವೂ ಅದರ ಜೊತೆ ಹೋಗುತ್ತದೆ. ಹಿಂದಿನ ಸಲ ನಿಮ್ಮನ್ನು ಕೇಳದೆ ಕಳಿಸಿದೆ. ಈ ಸಲ ಲಕೋಟೆಗೆ ಅಂಟು ಹಾಕಿಲ್ಲ. ನಿಮ್ಮ ಕೈಯಿಂದಲೇ ಹೋಗಲಿ.

ಕ್ಷಮೆ ಕೇಳುವ ಮಾತನ್ನು ಮೂರು ಸಲ ಬರೆದು ಹರಿದೆ. ಏನು ಬರೆದರೂ ಹಗುರವಾಗಿ ಕಾಣುತ್ತದೆ.

ಸದಾಶಿವಯ್ಯ


ನಾಗಪುರ
30-5-1997

ಮಾವನವರಿಗೆ,

ನಿಮ್ಮ ತಿದ್ದುಪಡಿಯನ್ನು ಮೇ ಹತ್ತೊಂಬತ್ತರಂದು ನಾನೇ ಆಫೀಸಿಗೆ ಒಯ್ದು ಕೊಟ್ಟೆ. ಮ್ಯಾನೇಜರ್ ಮೊದಲ ಪುಟ ಓದಿ ನಕ್ಕರು. ಎರಡನೆಯದನ್ನು ಓದಿ ಬಾಗಿಲು ಹಾಕಿಸಿದರು. ಗುಂಡುಪಿನ್ನು ತೆಗೆದು ಎರಡು ಪುಟವನ್ನೂ ಮೇಜಿನ ಮೇಲೆ ಬೇರೆ ಬೇರೆ ಇಟ್ಟರು.

"ಇದು ಸಾಕು," ಎಂದು ಮೊದಲನೆಯದನ್ನು ತಮ್ಮ ಕಡೆಗೆ ಎಳೆದುಕೊಂಡರು. "ನೀನು ನಿರ್ದೋಷಿ. ಕಲ್ಲು ನಮ್ಮ ಬಾವಿಯದೇ. ಕಲ್ಲಿನಲ್ಲಿ ಇನ್ನೂರ ಮೂವತ್ತು ಡಿಗ್ರಿ ಇದೆ ಎಂದು ನಿನ್ನ ಮಾವನೇ ಮೊದಲು ಬರೆದಿದ್ದಾರೆ. ಇಷ್ಟನ್ನು ತೋರಿಸಿದರೆ ಏಳುನೂರು ಮೀಟರಿನವರೆಗೆ ಕೊರೆಯಲು ಬಂಡವಾಳ ಬರುತ್ತದೆ. ನಾಳೆಯಿಂದ ಕಾಯಂ. ಇನ್ನೊಂದು ಪುಟ ಅಂಚೆಯಲ್ಲಿ ಕಳೆದುಹೋಯಿತು."

ನಾನು ತಕ್ಷಣ ಬೇಡ ಎನ್ನಲಿಲ್ಲ. ಇದನ್ನು ನಿಮಗೆ ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲ. ಒಂದು ದಿನ ಕೊಡಿ ಎಂದು ಕೇಳಿ ಲಾಡ್ಜಿಗೆ ಬಂದೆ. ಇಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್ ಹೇಗಿರುತ್ತದೆ ಎಂದು ಹೋಗಿ ನೋಡಿಕೊಂಡೂ ಬಂದೆ. ಹಿತ್ತಲಲ್ಲಿ ಕರಿಬೇವಿನ ಗಿಡ ಇತ್ತು.

ಅವತ್ತೆಲ್ಲ ತಲೆಯಲ್ಲಿ ತಿರುಗಿದ್ದು ಮ್ಯಾನೇಜರ್ ಮಾತಲ್ಲ, ನಿಮ್ಮ ಸಹಿ. ಎರಡು ಪುಟಗಳಿಗೂ ಬೇರೆ ಬೇರೆ ಸಹಿ ಯಾಕೆ ಹಾಕಿದರು? ಲಕೋಟೆಯನ್ನು ಯಾಕೆ ಅಂಟಿಸಲಿಲ್ಲ? ಬೇಕಾದರೆ ಒಂದನ್ನೇ ಕೊಟ್ಟು ಬದುಕಿಕೋ ಎಂಬ ಕರುಣೆಯೋ, ಒಂದನ್ನೇ ಕೊಡುತ್ತಾನೋ ನೋಡೋಣ ಎಂಬ ಇನ್ನೊಂದು ಪರೀಕ್ಷೆಯೋ? ನಿಮ್ಮ ಕಾಗದವನ್ನು ಎಷ್ಟು ಸಲ ಓದಿದರೂ ಗೊತ್ತಾಗಲಿಲ್ಲ. ಏನೂ ಯೋಚಿಸದೆ ಸಹಿ ಹಾಕಿದ್ದೀರಿ ಎಂಬುದು ಮೂರನೆಯ ದಾರಿ. ಅದನ್ನು ನಂಬಲು ನನಗೆ ಆಗಲೇ ಇಲ್ಲ.

ಮಾರನೆಯ ದಿನ ಹೋಗಿ ಎರಡು ಪುಟವನ್ನೂ ಸ್ವೀಕರಿಸಿದ್ದಕ್ಕೆ ರಸೀದಿ ಕೇಳಿದೆ. ಬಂಡವಾಳ ಹಾಕಲಿದ್ದ ಬ್ಯಾಂಕಿಗೆ ನಕಲು ಹಾಕಿದ್ದೇನೆ ಎಂದೂ ಹೇಳಿದೆ. ಆಫೀಸಿಗೆ ಒಯ್ಯುವ ಮೊದಲೇ ಜೆರಾಕ್ಸ್ ಮಾಡಿಸಿಕೊಂಡಿದ್ದೆ, ನಿಜವಾಗಿ ಹಾಕಿಯೂ ಇದ್ದೆ. ಆಮೇಲೆ ಅವರು ನಗಲಿಲ್ಲ. ಆರೋಪ ಹಿಂತೆಗೆದುಕೊಂಡ ಪತ್ರವನ್ನೂ ಕೆಲಸದಿಂದ ಬಿಡುಗಡೆ ಮಾಡಿದ ಪತ್ರವನ್ನೂ ಒಂದೇ ಕವರಿನಲ್ಲಿ ಕೊಟ್ಟರು. ಬಾವಿಯನ್ನು ಸಿಮೆಂಟ್ ಹಾಕಿ ಮುಚ್ಚುತ್ತಾರೆ. ಬೀರೇಶ್ ರಿಗ್ಗಿನ ಜೊತೆ ಒರಿಸ್ಸಾಕ್ಕೆ ಹೋದ.

ಜೂನ್ ಒಂಬತ್ತಕ್ಕೆ ಮೈಸೂರು ತಲುಪುತ್ತೇನೆ. ಹೂಟಗಳ್ಳಿಯಲ್ಲಿ ಅಣ್ಣನ ಮನೆಯಲ್ಲಿ ಇರುತ್ತೇನೆ. ಅಕ್ಷತಾ ಅಲ್ಲಿಗೆ ಬರುತ್ತಾಳೆ, ಅವಳೇ ಬರೆದಿದ್ದಾಳೆ. ಕೆಲಸ ಹುಡುಕಬೇಕು.

ಕಂಪನಿ ಮುಂದೆ ತಪ್ಪು ಒಪ್ಪಿಕೊಂಡು ಸಹಿ ಹಾಕುವುದು ನಿಮ್ಮ ವಯಸ್ಸಿನವರಿಗೆ ಸುಲಭವಲ್ಲ. ಅದು ನನಗೆ ಗೊತ್ತು. ನೀವು ಹೂಟಗಳ್ಳಿಗೆ ಬರಬೇಡಿ ಎಂದು ಹೇಳುವುದಿಲ್ಲ. ಬಂದರೆ ಕೂರಿಸಿ ಕಾಫಿ ಕೊಡುತ್ತೇನೆ. ಪ್ರಯಾಣ ಹೇಗಿತ್ತು ಎಂದು ನೀವು ಕೇಳುತ್ತೀರಿ. ಇದನ್ನು ಯಾಕೆ ಕೇಳಿದರು ಎಂದು ನಾನು ಮೊದಲು ಯೋಚಿಸುತ್ತೇನೆ, ಉತ್ತರ ಆಮೇಲೆ ಹೇಳುತ್ತೇನೆ. ಈ ಅಭ್ಯಾಸ ನನಗೆ ಹೋದ ಚಳಿಗಾಲದವರೆಗೂ ಇರಲಿಲ್ಲ.

ಪ್ರಸಾದ್